ಭಾಗ್ಯಶ್ರೀ ವಕೀಲರನ್ನು ಹಚ್ಚಿದ್ದು

ಹಂಸಭಾವಿ ಕಡೆಯ ಮಕ್ಕಳನ್ನು ಹಿರೇಕೆರೂರಿನ ಖಾಸಗಿ ಶಾಲೆಗೆ ಒಯ್ಯುವ ಹಳದಿ ವ್ಯಾನನ್ನು ಭಾಗ್ಯಶ್ರೀ ಓಡಿಸುತ್ತಿದ್ದಳು. ಗಂಡ ಫಕ್ಕೀರೇಶನದು ಟ್ರ್ಯಾಕ್ಟರ್ ರಿಪೇರಿ ಅಂಗಡಿ. ಮದುವೆಯಾದ ಹೊಸದರಲ್ಲಿ, ದುರಸ್ತಿಯಾದ ಗಾಡಿಯನ್ನು ಊರ ಹೊರಗೆ ಒಂದು ಸುತ್ತು ಓಡಿಸಿ ನೋಡುವ ಕೆಲಸ ಇವಳ ಪಾಲಿಗೆ ಬಿದ್ದಿತ್ತು. ಹಾಗೆ ಪಳಗಿದ ಕೈ. ಮುಂದೆ ಲೈಸೆನ್ಸ್ ಮಾಡಿಸಿಕೊಂಡಳು, ಶಾಲೆಯವರು ಕರೆದರು, ಹೋದಳು. ಮೊದಮೊದಲು ರಸ್ತೆಯಲ್ಲಿ ಜನ ನಿಂತು ನೋಡುತ್ತಿದ್ದರು. ಆಮೇಲೆ ವ್ಯಾನು ಬಂದರೆ ಶಾಲೆಗೆ ಹೊತ್ತಾಯಿತು ಎಂದಷ್ಟೇ ತಿಳಿಯತೊಡಗಿದರು. ಮಕ್ಕಳು ಅವಳನ್ನು ಡ್ರೈವರಕ್ಕ ಎನ್ನುತ್ತಿದ್ದವು.

ಎಲ್ಲ ಚೆನ್ನಾಗಿಯೇ ಇತ್ತು, ಶಾಲೆಯ ಆಡಳಿತ ಮಂಡಳಿಗೆ ಮಹಾಲಿಂಗಪ್ಪನವರು ಚೇರ್ಮನ್ ಆಗುವ ತನಕ. ಅವರು ಗೋವಿನಜೋಳದ ದೊಡ್ಡ ವ್ಯಾಪಾರಿ. ಅವರ ಮನೆಯಲ್ಲಿ ಹೆಂಡತಿಯ ತಮ್ಮ ಪ್ರಶಾಂತ ಎಂಬುವನು ಡಿಗ್ರಿ ಮುಗಿಸಿ, ಮೂರು ಹೊತ್ತು ಉಂಡು, ಮೊಬೈಲ್ ಬಿಚ್ಚಿ ಜೋಡಿಸುತ್ತ ಕುಳಿತಿದ್ದ. ಅವನಿಗೊಂದು ಕೆಲಸ ಹಚ್ಚಬೇಕೆಂದು ಹೆಂಡತಿ ದಿನಾ ಚುಚ್ಚುತ್ತಿದ್ದರು. ಶಾಲೆಯಲ್ಲಿ ಮಾಸ್ತರಿಕೆ ಕೊಡುವಷ್ಟು ಧೈರ್ಯ ಚೇರ್ಮನ್ನರಿಗಿರಲಿಲ್ಲ. ಹಾಗಾಗಿ ಅವರ ಕಣ್ಣು ವ್ಯಾನಿನ ಮೇಲೆ ಬಿತ್ತು.

ಪಾಲಕರ ಸಭೆಯಲ್ಲಿ ಅವರು ಮೈಕು ಹಿಡಿದು ಶಿಸ್ತು, ಸಂಸ್ಕಾರ, ಸಮವಸ್ತ್ರಗಳ ಬಗ್ಗೆ ಮಾತಾಡಿದರು. ಆ ಭರದಲ್ಲೇ, ಹೆಣ್ಣುಮಗಳು ಸ್ಟೇರಿಂಗ್ ಹಿಡಿದರೆ ಪಾಲಕರ ಎದೆ ಡವಡವ ಅನ್ನುತ್ತದೆ, ಶಾಲೆಯ ಮರ್ಯಾದೆಯೂ ಉಳಿಯುವುದಿಲ್ಲ, ಆದ್ದರಿಂದ ನಾಳೆಯಿಂದ ಗಂಡು ಡ್ರೈವರ್ ಬರುತ್ತಾನೆ ಎಂದು ಸಾರಿಬಿಟ್ಟರು. ಕೆಲವರು ರೂಢಿಯಂತೆ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ನಿಂತಿದ್ದ ಭಾಗ್ಯಶ್ರೀಗೆ ತನ್ನ ವಿಷಯ ಎಂದು ತಿಳಿಯುವುದರೊಳಗೆ ಚೇರ್ಮನ್ನರು ಬೂಟಿನ ವಿಷಯಕ್ಕೆ ಹೋಗಿದ್ದರು.

ಸಭೆ ಮುಗಿದ ಮೇಲೆ ಅವಳು ಎದುರಿಗೆ ಹೋಗಿ ನಿಂತಳು. ತನ್ನಿಂದ ಏನು ತಪ್ಪಾಯಿತೆಂದು ಕೇಳಿದಳು. ತಪ್ಪೇನೂ ಇಲ್ಲ ಎಂದರು. ಬೇಕಿದ್ದರೆ ಅದೇ ವ್ಯಾನಿನಲ್ಲಿ ಆಯಾ ಆಗಿ ಕೂಡಬಹುದು, ಗಾಡಿ ಅದೇ, ದಾರಿ ಅದೇ, ಸೀಟಷ್ಟೇ ಬೇರೆ ಎಂದು ಸಮಾಧಾನ ಹೇಳಿದರು. ಭಾಗ್ಯಶ್ರೀ ಕೀಲಿಯನ್ನು ಮೇಜಿನ ಮೇಲಿಟ್ಟು ಮನೆಗೆ ನಡೆದಳು. ದಾರಿಯುದ್ದಕ್ಕೂ ಅಳು ಬರಲಿಲ್ಲ. ಮನೆಗೆ ಬಂದು ಅತ್ತೆ ಹೊಳೆವ್ವನ ಮುಖ ನೋಡಿದ ಮೇಲೆ ಬಂತು.

ಫಕ್ಕೀರೇಶ ಅವಳನ್ನು ಹಿರೇಕೆರೂರಿನ ಭರಮಪ್ಪ ವಕೀಲರ ಹತ್ತಿರ ಕರೆದುಕೊಂಡು ಹೋದ. ಭರಮಪ್ಪನವರು ಜಮೀನು ವ್ಯಾಜ್ಯದಲ್ಲಿ ಹೆಸರಾದವರು. ಆ ಭಾಗದಲ್ಲಿ ಅಣ್ಣತಮ್ಮಂದಿರು ಜಗಳಾಡಿದರೆ ಮೊದಲು ನೆನೆಸುವುದು ಅವರನ್ನೇ. ಅವರು ಕಣ್ಣುಮುಚ್ಚಿ ಎಲ್ಲವನ್ನೂ ಕೇಳಿದರು. ಆಮೇಲೆ ಕಣ್ಣು ತೆರೆದು ಪಹಣಿ ಯಾರ ಹೆಸರಿನಲ್ಲಿದೆ ಎಂದು ಕೇಳಿದರು. ವ್ಯಾನಿಗೆ ಪಹಣಿ ಇರುವುದಿಲ್ಲವೆಂದು ಫಕ್ಕೀರೇಶ ಹೇಳಿದಾಗ, ಹಾಗಾದರೆ ಕೇಸು ಸ್ವಲ್ಪ ಕಷ್ಟ ಎಂದರು. ಎದುರು ಪಾರ್ಟಿ ಯಾರೆಂದು ಕೇಳಿ, ಮಹಾಲಿಂಗಪ್ಪನವರ ಹೆಸರು ಕಿವಿಗೆ ಬಿದ್ದದ್ದೇ ಫೈಲು ಮುಚ್ಚಿದರು. ಅವರು ತಮಗೆ ಬೀಗರಾಗಬೇಕಂತೆ.

ಹೊಳೆವ್ವನಿಗೆ ವಕೀಲರಲ್ಲಿ ಮೊದಲಿನಿಂದಲೂ ನಂಬಿಕೆಯಿಲ್ಲ. ಸೊಸೆಯ ಕೆಲಸ ತಿರುಗಿ ಸಿಗಲೆಂದು ಬೇಡಿಕೊಂಡು, ಬಸ್ಸು ಬದಲಿಸುತ್ತ ದೂರದ ಹುಲಗೂರಿನ ದರ್ಗಾಕ್ಕೆ ಹೋದಳು. ಹರಕೆಯ ಸಕ್ಕರೆ ಓದಿಸಿಕೊಂಡು ಗೋಡೆಯ ನೆರಳಿಗೆ ಕುಳಿತಾಗ ಪಕ್ಕದಲ್ಲೊಬ್ಬ ಹೆಂಗಸು ನಿಟ್ಟುಸಿರು ಬಿಟ್ಟಳು. ಹೆಸರು ಮುನವ್ವರಾ, ಅದೇ ಊರಿನವಳು. ಮಗಳು ಕಾನೂನು ಓದಿ ಶಿಗ್ಗಾಂವಿಯಲ್ಲಿ ಆಫೀಸು ತೆರೆದಿದ್ದಾಳೆ, ಆದರೆ ಓದಿದ್ದು ಕೆಲಸಗಾರರ ಹಕ್ಕಿನ ಕಾನೂನು. ಎಲ್ಲರೂ ಹೊಲದ ಕೇಸು ತರುತ್ತಾರೆಯೇ ಹೊರತು ಇದನ್ನು ಯಾರೂ ತರುವುದಿಲ್ಲ. ಒಂದಾದರೂ ಅಂಥ ಕೇಸು ಬರಲೆಂದು ಬೇಡಿಕೊಳ್ಳಲು ಬಂದೆ ಎಂದು ಮುನವ್ವರಾ ಹೇಳಿಕೊಂಡಳು. ಹೊಳೆವ್ವ ಕೈಯಲ್ಲಿದ್ದ ಸಕ್ಕರೆಯಲ್ಲಿ ಅರ್ಧವನ್ನು ಅವಳ ಉಡಿಗೆ ಸುರಿದಳು. ಸಂಜೆ ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಫೋನ್ ನಂಬರ್ ಬರೆದಿದ್ದ ಅಂಗೈಯನ್ನು ಸೊಸೆಯ ಮುಂದೆ ಹಿಡಿದಳು.

ಮುನವ್ವರಾಳ ಮಗಳು ಫರ್ಹತಳ ಆಫೀಸು ಶಿಗ್ಗಾಂವಿಯಲ್ಲಿ ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲಿತ್ತು. ಹುಡುಗಿ ಭಾಗ್ಯಶ್ರೀಗಿಂತಲೂ ಚಿಕ್ಕವಳು. ಯೂರಿಯಾ ವಾಸನೆಗೆ ಒಗ್ಗಿಹೋದ ಮೂಗು, ಹೊಸ ಕರಿ ಕೋಟು. ಭಾಗ್ಯಶ್ರೀ ನಡೆದದ್ದನ್ನು ಹೇಳುತ್ತ ಹೋದಂತೆ ಅವಳ ಮುಖ ಅರಳುತ್ತ ಹೋಯಿತು. ಕಷ್ಟ ಹೇಳಿಕೊಳ್ಳುವವರ ಮುಂದೆ ಹಾಗೆ ಅರಳಬಾರದೆಂದು ಅವಳಿಗೂ ಗೊತ್ತಿತ್ತು, ನಡುನಡುವೆ ಹುಬ್ಬು ಗಂಟಿಕ್ಕಿಕೊಂಡು ಗಂಭೀರಳಾಗಲು ನೋಡುತ್ತಿದ್ದಳು.

"ಹೆಣ್ಣಮಗಳು ಅಂತನ ತೆಗದೇನಿ ಅಂದ್ರನ್ರಿ? ಯಾರರ ಕೇಳಿಸ್ಕೊಂಡಾರೇನ್ರಿ?" ಎಂದು ಕೇಳಿದಳು.

"ಮೈಕಿನಾಗ ಅಂದಾರ್ರಿ ಮೇಡಮ್. ಸಭಾದಾಗ ಇದ್ದ ಅಷ್ಟೂ ಮಂದಿ ಕೇಳ್ಯಾರ. ಒಬ್ರು ವಿಡಿಯೋನೂ ಮಾಡ್ಯಾರ."

ಫರ್ಹತ ಪೆನ್ನು ಕೆಳಗಿಟ್ಟಳು. "ಮೈಕಿನಾಗ," ಎಂದು ಮೆಲ್ಲಗೆ ಇನ್ನೊಮ್ಮೆ ಅಂದುಕೊಂಡಳು. ಇಂಥ ಕೇಸಿನಲ್ಲಿ ಮಾಲಕರು ಮನಸ್ಸಿನಲ್ಲಿದ್ದದ್ದನ್ನು ಯಾವತ್ತೂ ಬಾಯಿಬಿಟ್ಟು ಹೇಳುವುದಿಲ್ಲ, ಅದನ್ನು ಸಾಬೀತು ಮಾಡುವುದರಲ್ಲೇ ವಕೀಲರ ಕೂದಲು ಬೆಳ್ಳಗಾಗುತ್ತವೆ ಎಂದು ಅವಳ ಕಾಲೇಜಿನ ಸರ್ ಹೇಳಿದ್ದರಂತೆ. ಫೀಸಿನ ಮಾತು ಎತ್ತಿದರೆ ಆಮೇಲೆ ನೋಡೋಣ ಎಂದಳು. ಚಹಾ ತರಿಸಿದಳು. ಎದ್ದು ಹೊರಟ ಭಾಗ್ಯಶ್ರೀಯನ್ನು ಮತ್ತೆ ಕೂರಿಸಿ, ಅದೇ ಸಂಗತಿಯನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿಸಿದಳು.

ನೋಟಿಸು ಹೋಯಿತು. ಅದು ಚೇರ್ಮನ್ನರ ಕೈಸೇರಿದ ಸುದ್ದಿ ಅಂದೇ ಹಂಸಭಾವಿಗೂ ಬಂತು. ಅವರು ಸೀದಾ ಬೀಗರಾದ ಭರಮಪ್ಪ ವಕೀಲರನ್ನು ಹಚ್ಚಿದರು. ಎರಡೂ ಕಡೆಯವರು ಹಾವೇರಿಯಲ್ಲಿ ಕಾರ್ಮಿಕ ಅಧಿಕಾರಿಯ ಮುಂದೆ ರಾಜಿ ಮಾತುಕತೆಗೆ ಬರಬೇಕೆಂದು ದಿನ ಗೊತ್ತಾಯಿತು.

ಅದಕ್ಕೂ ಮುಂಚೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಒಂದು ಮಧ್ಯಾಹ್ನ ಹೊಸ ಡ್ರೈವರ್ ಪ್ರಶಾಂತ ಭಾಗ್ಯಶ್ರೀಯ ಮನೆ ಬಾಗಿಲಿಗೆ ಬಂದು ನಿಂತ. ಧಮಕಿ ಹಾಕಲು ಬಂದಿದ್ದಾನೆಂದು ತಿಳಿದು ಹೊಳೆವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಪ್ರಶಾಂತ ಚಪ್ಪಲಿ ಕಳೆದು, ಒಳಗೆ ಬರಲೇ ಎಂದು ಕೇಳಿ, ಕಟ್ಟೆಯ ತುದಿಯಲ್ಲಿ ಕುಳಿತ. ಒಂದು ತಂಬಿಗೆ ನೀರು ಕುಡಿದ. ಮುಖ ಇಳಿದುಹೋಗಿತ್ತು.

"ಅಕ್ಕಾರ, ನಿಮ್ಮ ವಕೀಲರು ನನ್ನ ಕೇಸೂ ತಗೋತಾರೇನ್ರಿ?" ಎಂದ.

ಭಾಗ್ಯಶ್ರೀಗೆ ಅರ್ಥವಾಗಲಿಲ್ಲ. ಪ್ರಶಾಂತ ಒಂದೊಂದಾಗಿ ಹೇಳಿಕೊಂಡ. ವ್ಯಾನು ಓಡಿಸುವುದು ಅವನಿಗೆ ಬರುತ್ತಿತ್ತು, ಒಳಗಿದ್ದ ಮಕ್ಕಳನ್ನು ಸಹಿಸುವುದು ಬರುತ್ತಿರಲಿಲ್ಲ. ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ, ಹಿಂದಿನದನ್ನು ನೋಡಲು ಕನ್ನಡಿ ನೋಡಿದರೆ ತಲೆ ತಿರುಗುತ್ತದೆ, ಒಂದು ಹುಡುಗಿಯಂತೂ ದಿನಾ ಅವನ ಕಿವಿಯ ಹಿಂದೆಯೇ ನಿಂತು ಡ್ರೈವರಕ್ಕ ಎಲ್ಲಿ ಎಂದು ಕೇಳುತ್ತದೆ. ಅಬಲೂರಿನ ತಿರುವಿನಲ್ಲಿ ಎರಡು ಸಲ ವಾಂತಿಯಾಗಿತ್ತು, ಮಕ್ಕಳಿಗಲ್ಲ, ಅವನಿಗೆ. ಕೆಲಸ ಬಿಡುತ್ತೇನೆಂದರೆ ಅಕ್ಕ ಅಳುತ್ತಾಳೆ, ಭಾವ ಗುಡುಗುತ್ತಾರೆ. ಹಂಸಭಾವಿಯಲ್ಲೊಂದು ಮೊಬೈಲ್ ರಿಪೇರಿ ಅಂಗಡಿ ಹಾಕಿಕೊಳ್ಳಬೇಕೆಂಬುದು ಅವನ ಆಸೆ. ಬಲವಂತದಿಂದ ಕೆಲಸ ಮಾಡಿಸಿಕೊಳ್ಳುವುದೂ ಕಾನೂನಿಗೆ ವಿರುದ್ಧ ಎಂದು ಎಲ್ಲೋ ಓದಿದ್ದನಂತೆ.

ಅವನ ಕೆಲಸವನ್ನೇ ತಾನು ಕೇಳುತ್ತಿರುವಾಗ ಅವನ ಮೇಲೆ ಸಿಟ್ಟು ಮಾಡುವುದೋ, ಅಯ್ಯೋ ಅನ್ನುವುದೋ ಭಾಗ್ಯಶ್ರೀಗೆ ತಿಳಿಯದಾಯಿತು. ಕಡೆಗೆ ರೊಟ್ಟಿ ತಿನ್ನಲು ಹೇಳಿದಳು. ಹೊಳೆವ್ವ ಬೆಣ್ಣೆ ಹಾಕಿ ಕೊಟ್ಟಳು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಫರ್ಹತ, ಕೆಲಸ ಬೇಡವೆನ್ನುವವನಿಗೆ ವಕೀಲರು ಬೇಕಾಗಿಲ್ಲ, ಹಾವೇರಿಗೆ ಬಂದು ಇದ್ದದ್ದು ಇದ್ದಹಾಗೆ ಹೇಳಿದರೆ ಸಾಕು ಎಂದಳು.

ಗೊತ್ತಾದ ದಿನ ಎಲ್ಲರೂ ಹಾವೇರಿಯಲ್ಲಿ ಸೇರಿದರು. ಚೇರ್ಮನ್ನರು ಪ್ರಶಾಂತ ಓಡಿಸಿದ ಶಾಲೆಯ ವ್ಯಾನಿನಲ್ಲೇ ಬಂದಿದ್ದರು, ಇಳಿದ ಮೇಲೂ ಸ್ವಲ್ಪ ಹೊತ್ತು ಬಾಗಿಲು ಹಿಡಿದೇ ನಿಂತಿದ್ದರು. ಒಳಗೆ ಭರಮಪ್ಪ ವಕೀಲರು ಎದ್ದುನಿಂತು, ರೂಢಿಬಲದಿಂದ, ಸದರಿ ವ್ಯಾನಿನ ಚಕ್ಕುಬಂದಿ ಎಂದು ಶುರು ಮಾಡಿದರು. ಪೂರ್ವಕ್ಕೆ ಎಂದವರು ನಾಲಿಗೆ ಕಚ್ಚಿಕೊಂಡು, ಸದರಿ ಡ್ರೈವರಳ ನಿರ್ಲಕ್ಷ್ಯದಿಂದಾಗಿ ಎಂದು ತಿದ್ದಿಕೊಂಡರು. ಯಾವ ನಿರ್ಲಕ್ಷ್ಯ ಎಂದು ಅಧಿಕಾರಿ ಕೇಳಿದರು. ವಕೀಲರು ಚೇರ್ಮನ್ನರ ಮುಖ ನೋಡಿದರು, ಚೇರ್ಮನ್ನರು ಫ್ಯಾನು ನೋಡಿದರು.

ಫರ್ಹತ ಎದ್ದಳು. ತಪ್ಪಿಗಾಗಿ ತೆಗೆದದ್ದಲ್ಲ, ಹೆಂಗಸು ಎಂಬ ಒಂದೇ ಕಾರಣಕ್ಕೆ ತೆಗೆದದ್ದು, ಅದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಹೇಳಿ ಫೋನಿನಲ್ಲಿದ್ದ ವಿಡಿಯೋ ಹಚ್ಚಿದಳು. ಚೇರ್ಮನ್ನರ ಗಟ್ಟಿ ದನಿ ಆ ಸಣ್ಣ ಕೋಣೆಯಲ್ಲಿ ಚಪ್ಪಾಳೆ ಸಹಿತ ಮೊಳಗಿತು. ಅದು ಮಾತಿನ ಭರದಲ್ಲಿ ಬಂದದ್ದು ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಅಧಿಕಾರಿ ಈಗಿನ ಡ್ರೈವರನನ್ನು ಕರೆಸಿದರು. ಪ್ರಶಾಂತ ಕೈಕಟ್ಟಿ ನಿಂತು, ಭಾವನ ಕಡೆ ನೋಡದೆ ಹೇಳಿದ.

"ಸರ್, ನನಗ ಈ ಕೆಲಸ ಬ್ಯಾಡ್ರಿ. ಅವರನ್ನ ಇಟ್ಕೋರ್ರಿ, ನನ್ನ ಬಿಟ್ಟುಬಿಡ್ರಿ."

ಕೆಲಸ ಬೇಕೆನ್ನುವವಳು ಒಬ್ಬಳು, ಬೇಡವೆನ್ನುವವನು ಒಬ್ಬ, ಇದರಲ್ಲಿ ತಂಟೆ ಏನಿದೆ ಎಂದು ಅಧಿಕಾರಿ ಚೇರ್ಮನ್ನರನ್ನು ಕೇಳಿದರು. ಭರಮಪ್ಪ ವಕೀಲರು ಬೀಗರ ಕಿವಿಯಲ್ಲಿ ಏನೋ ಅಂದರು. ಸೋಮವಾರದಿಂದ ಅದೇ ಕೆಲಸ, ಅದೇ ವ್ಯಾನು, ನಡುವಿನ ದಿನಗಳ ಪಗಾರ ಸಹಿತ ಎಂದು ಬರೆದದ್ದಾಯಿತು. ಭಾಗ್ಯಶ್ರೀ ಸಹಿ ಮಾಡಲು ಪೆನ್ನು ಹಿಡಿದವಳು ತಡೆದಳು.

"ಇನ್ನೊಂದು ಬರೀರಿ ಸರ್. ಮಂದಿ ಮುಂದ ಮೈಕಿನಾಗ ಆಡಿದ ಮಾತು, ಮಂದಿ ಮುಂದ ಮೈಕಿನಾಗನ ಹಿಂದಕ್ಕ ತಗೋಬೇಕು. ಕೆಲಸಕ್ಕಿಂತ ನನಗ ಅದು ಹೆಚ್ಚಿಂದು."

ಫರ್ಹತಳೂ ಇದನ್ನು ಎಣಿಸಿರಲಿಲ್ಲ. ಅಧಿಕಾರಿ ಬರೆದರು. ಚೇರ್ಮನ್ನರು ಕಾಗದವನ್ನು ಎರಡೆರಡು ಸಲ ಓದಿ ಕೊನೆಗೆ ಸಹಿ ಹಾಕಿದರು.

ಸೋಮವಾರ ಸಂಜೆ ಪಾಲಕರ ಸಭೆ ಕರೆದರು. ಚೇರ್ಮನ್ನರು ಮೈಕಿನ ಮುಂದೆ ಬಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿಬಿಟ್ಟರು. ಹಿಂದಿನ ಸಾಲಿನಿಂದ ಹೊಳೆವ್ವ ಎದ್ದು, ನಮಗ ಇಲ್ಲಿಮಟ ಕೇಳಲಿಲ್ಲರೀ ಎಂದಳು. ಅವಳ ಸುತ್ತಲಿದ್ದವರೂ ಹೌದೌದು, ಕೇಳಲಿಲ್ಲ ಎಂದರು. ಚೇರ್ಮನ್ನರು ಬೆವರು ಒರೆಸಿಕೊಂಡು, ಈ ಸಲ ಬಿಡಿಸಿ ಬಿಡಿಸಿ, ನಾನು ಆಡಿದ ಮಾತು ತಪ್ಪು, ಭಾಗ್ಯಶ್ರೀಯವರು ಛಲೋ ಡ್ರೈವರ್ ಇದ್ದಾರೆ ಎಂದರು. ಯಾರೂ ಹೇಳಿಕೊಡದೆ ಚಪ್ಪಾಳೆ ಬಿತ್ತು. ಅವರ ಮುಖದಲ್ಲೂ ಒಂದು ಬಗೆಯ ನಗೆ ಮೂಡಿದ್ದನ್ನು ಭಾಗ್ಯಶ್ರೀ ನೋಡಿದಳು.

ಸಭೆ ಮುಗಿದು ಅವಳು ವ್ಯಾನಿನ ಕಡೆ ಹೊರಟಾಗ ಶಾಲೆಯ ಆಯಾಗಳು ಮೂವರೂ ಹಿಂದಿನಿಂದ ಬಂದರು. ಅತ್ತಿತ್ತ ನೋಡಿ, ಆ ಶಿಗ್ಗಾಂವಿ ವಕೀಲರ ನಂಬರು ನಮಗೂ ಕೊಡು ಎಂದು ಪಿಸುಗುಟ್ಟಿದರು. ಮುದ್ದಾಂ ಕೊಡುತ್ತೇನೆ, ನಾಳೆ ಬರ್ರಿ ಎಂದು ಹೇಳಿ ಭಾಗ್ಯಶ್ರೀ ಹತ್ತಿ ಕುಳಿತಳು. ಹಸಿದ ಮಕ್ಕಳು ಒಳಗೆ ಆಗಲೇ ಕೂಗಾಟ ಶುರು ಮಾಡಿದ್ದವು.