ಸವಳು ನೀರಿನ ನಾಲ್ಕು ಕ್ಯಾನು

ನನ್ನ ತಮ್ಮ ಪ್ರಭು ಬೇರೆ ಮನೆ ಮಾಡುವಾಗ ಹೊಲ ಕೇಳಲಿಲ್ಲ, ಎಮ್ಮೆ ಕೇಳಲಿಲ್ಲ, ಅಪ್ಪ ಮಾಡಿಸಿದ ಸಾಗವಾನಿ ಮಂಚವನ್ನೂ ಕೇಳಲಿಲ್ಲ. ಕೇಳಿದ್ದು ಉಪ್ಪುನೀರು. ನಮ್ಮೂರು ಮೊರಬದ ಕರಿನೆಲದಲ್ಲಿ ಎಲ್ಲಿ ಬೋರು ಕೊರೆದರೂ ಬರುವುದು ಸವಳು ನೀರೇ. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಇಂಥ ಊರಿನಿಂದ ಉಪ್ಪುನೀರನ್ನು ಕ್ಯಾನಿಗೆ ತುಂಬಿ, ಟ್ರ್ಯಾಕ್ಟರಿಗೆ ಬಾಡಿಗೆ ಕೊಟ್ಟು ನವಲಗುಂದಕ್ಕೆ ಸಾಗಿಸುವ ಮಹಾಪುರುಷ ನಮ್ಮ ಮನೆಯಲ್ಲೇ ಹುಟ್ಟಬೇಕಿತ್ತು.

ಪ್ರಭುವಿನ ಹತ್ತಿರ ಮೂರು ಅಡಿಯ ಗಾಜಿನ ತೊಟ್ಟಿಯಿದೆ. ಅದರೊಳಗೆ ಸಮುದ್ರ. ಉಪ್ಪು ಪಾಕೀಟಿನಲ್ಲಿ, ಕೊರಿಯರ್‌ನಲ್ಲಿ ಬರುತ್ತದೆ. ಅಂಗಡಿಯ ಉಪ್ಪು ಆ ಮಹಾಶಯರಿಗೆ ಆಗುವುದಿಲ್ಲ. ಮಹಾಶಯರೆಂದರೆ ಎರಡು ಕೇಸರಿ ಬಣ್ಣದ ಪಟ್ಟೆ ಮೀನು ಮತ್ತು ಒಂದಿಷ್ಟು ಹವಳ. ಹವಳವೆಂದರೆ ಉಂಗುರದ ಕಲ್ಲು ಎಂದು ನಾನು ತಿಳಿದಿದ್ದೆ. ಅಲ್ಲವಂತೆ, ಅದು ಜೀವವಂತೆ, ಬೆಳೆಯುತ್ತದಂತೆ. ಐದು ವರ್ಷದಲ್ಲಿ ಹೆಬ್ಬೆರಳಿನಷ್ಟು ಬೆಳೆದಿದೆ. ನನ್ನ ಹತ್ತಿ ಹೀಗೆ ಬೆಳೆದಿದ್ದರೆ ಊರವರು ಗುಂಪುಗಟ್ಟಿ ನೋಡಲು ಬರುತ್ತಿದ್ದರು, ನಗಲಿಕ್ಕೆ.

ನವಲಗುಂದದಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ. ದಿನಾ ಬಸ್ಸಿಗೆ ಓಡಿ ಸಾಕಾಯಿತೆಂದು ಅಂಗಡಿಯ ಹಿಂದೆಯೇ ಮನೆ ಕಟ್ಟಿಸಿದ. ಜಗಳವಿಲ್ಲ, ತಂಟೆಯಿಲ್ಲ. ಜಗಳವಾಗಿದ್ದರೆ ಚೆನ್ನಾಗಿತ್ತು, ರಾಜಿ ಮಾಡಿ ಉಳಿಸಿಕೊಳ್ಳಬಹುದಿತ್ತು. ಅವನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟವನು ನಾನು. ಅವನು ಹೊರಟದ್ದು ನನಗೆ ಸಂಕಟವಾಗಿತ್ತು. ಆದರೆ ಇದನ್ನೆಲ್ಲ ಬಾಯಿಬಿಟ್ಟು ಹೇಳಿದರೆ ಈ ಸಂಗನಬಸವನ ಮೀಸೆಯ ಗತಿ ಏನು?

ನಮ್ಮ ಅವ್ವ ಮಲ್ಲಮ್ಮನ ಚಿಂತೆ ಬೇರೆಯದು.

"ಹೊಸಾ ಮನಿ ಹೊಕ್ಕ ದಿನಾ ಒಂದು ಜೀವಾ ಹೋತಂದ್ರ ಆ ಮನಿ ಆಗಿಬರಂಗಿಲ್ಲ," ಎಂದಳು. "ಆ ಮೀನು ಇಲ್ಲೇ ಇರ್ಲಿ. ಅಲ್ಲಿ ಏನರ ಆತಂದ್ರ, ಒಂದು ರಾತ್ರೀನೂ ನಿಮ್ಮನ್ನ ಇರಾಕ ಬಿಡಂಗಿಲ್ಲ ನಾ."

ಪ್ರಭುವಿನ ಹೆಂಡತಿ ಸೌಂದರ್ಯಾ ಕೂಡಲೇ ತಲೆಯಾಡಿಸಿದಳು. ಅತ್ತೆಯ ಇಂಥ ಮಾತನ್ನು ಮೀರುವ ಧೈರ್ಯ ಅವಳಿಗಿಲ್ಲ.

"ಏನೂ ಆಗಂಗಿಲ್ಲವ್ವಾ. ಹಳೀ ನೀರು ಜೋಡಿಗೆ ಒಯ್ದ್ರ ಅವಕ್ಕ ಮನಿ ಬದಲಾಗಿದ್ದೂ ತಿಳ್ಯಂಗಿಲ್ಲ," ಎಂದ ಪ್ರಭು. ನನ್ನ ಕಡೆ ತಿರುಗಿದ. "ಅಣ್ಣಾ, ಈ ಎಂಟು ಕ್ಯಾನು ನಿನ್ನ ಜವಾಬ್ದಾರಿ. ಬ್ಯಾರೆ ನೀರು ಕೂಡಿದ್ರ ಹವಳ ಸಾಯ್ತಾವು, ನೆನಪಿಡು."

ಅವನು ಮೀನು, ಹವಳ, ಖಾಲಿ ತೊಟ್ಟಿಯೊಂದಿಗೆ ಕಾರಿನಲ್ಲಿ ಮುಂದೆ ಹೋದ. ನಾನು ಎಂಟು ಕ್ಯಾನು ಸಮುದ್ರದ ಒಡೆಯನಾಗಿ ಯುನೂಸನ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಕೂತೆ. ಊರು ದಾಟಿದ ಮೇಲೆ ಒಂದು ಉಬ್ಬಿನ ಮೇಲೆ ಯುನೂಸ್ ಗಾಡಿ ಹಾರಿಸಿದ. ಒಂದು ಕ್ಯಾನಿನ ಮುಚ್ಚಳ ಕಿತ್ತು, ನೀರೆಲ್ಲ ನನ್ನ ಹೊಸ ಧೋತರದ ಪಾಲಾಯಿತು.

ಬಾಜೂ ಹೊಲದಲ್ಲಿ ಬೋರು ಓಡುತ್ತಿತ್ತು. ಗಾಡಿ ನಿಲ್ಲಿಸಿ ಕ್ಯಾನು ಹಿಡಿದೆ.

"ಸಂಗಣ್ಣಾರ, ಬ್ಯಾರೆ ನೀರು ಬ್ಯಾಡಂದಿದ್ರಲ್ರೀ ಅವ್ರು," ಎಂದ ಯುನೂಸ್.

"ಸವಳ ಅಂದ್ರ ಸವಳ. ಮೀನೇನು ನಾಲಿಗಿ ಚಪ್ಪರಿಸಿ ಹೇಳ್ತಾವೇನ್ಲೇ? ನೀ ಸುಮ್ನ ಕುಂದರು."

ಚೆಲ್ಲಿದ್ದು ಒಂದೇ ಕ್ಯಾನು. ನಾನು ತುಂಬಿದ್ದು ನಾಲ್ಕು. ಉಳಿದ ಮೂರರಲ್ಲಿದ್ದ ಪ್ರಭುವಿನ ನೀರನ್ನು ಮೊದಲು ಕೈಯಾರೆ ಬದುವಿಗೆ ಸುರಿದೆ. ಸುಳ್ಳು ಹೇಳಿ ಏನು ಮಾಡಲಿ? ಅವ್ವನ ಮಾತು ಕಿವಿಯಲ್ಲಿತ್ತು. ಇವತ್ತು ನಾಲ್ಕು ಹವಳ ಸತ್ತರೆ ಸೌಂದರ್ಯಾ ಗಂಟುಮೂಟೆ ಕಟ್ಟುತ್ತಾಳೆ, ಅವಳ ಹಿಂದೆ ತಮ್ಮ ಬರುತ್ತಾನೆ. ಯುನೂಸ್ ನನ್ನ ಮುಖ ನೋಡಿದ, ಆಮೇಲೆ ರಸ್ತೆ ನೋಡಿದ. ಗಾಡಿಯನ್ನು ನವಲಗುಂದದ ಕಡೆ ಬಿಟ್ಟ.

ಹೊಸ ಮನೆಯಲ್ಲಿ ಪ್ರಭು ಬಕೀಟುಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಒಂದು ಸಣ್ಣ ದುರ್ಬೀನು. ಅದರ ಗಾಜಿನ ಮೇಲೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ನೀರಿನಲ್ಲಿ ಉಪ್ಪೆಷ್ಟು ಎಂದು ತಿಳಿಯುತ್ತದಂತೆ. ಹವಳದ ಬಕೀಟಿನ ನೀರು ನೋಡಿದ, ಮೀನಿನ ಚೀಲದ ನೀರು ನೋಡಿದ. ಎಲ್ಲವೂ ಅವನೇ ತುಂಬಿದ ನೀರು, ಆದರೂ ನೋಡಿದ. ಆಮೇಲೆ ದುರ್ಬೀನನ್ನು ಜೇಬಿಗಿಟ್ಟು, ನಾನು ತಂದ ಕ್ಯಾನುಗಳನ್ನು ಒಂದೊಂದಾಗಿ ತೊಟ್ಟಿಗೆ ಸುರಿಯತೊಡಗಿದ. ನಾಲ್ಕು ಸುರಿದ. ಐದನೆಯದಕ್ಕೆ ಕೈ ಹಾಕಿದ. ಅದು ಬೋರಿನದು.

"ಅದನ್ನ ನೋಡಂಗಿಲ್ಲೇನು?" ಎಂದೆ. ನಾಲಿಗೆ ತಡೆಯಲಿಲ್ಲ.

"ನೀ ತಂದಿದ್ದಲ್ಲಣ್ಣಾ. ಅದರಾಗ ನೋಡೂದೇನೈತಿ?"

ಅವನು ಅನುಮಾನಪಟ್ಟಿದ್ದರೆ ನಾನು ಸಿಟ್ಟಿಗೆದ್ದು ಪಾರಾಗುತ್ತಿದ್ದೆ. ಸಿಟ್ಟು ನನಗೆ ಬೇಕಾದಾಗ ಬರುತ್ತದೆ. ಆದರೆ ಆ ಮಡ್ಡ ಹುಡುಗ ಮುಚ್ಚಳ ತಿರುವುತ್ತ ನನ್ನ ಕಡೆ ನೋಡಿ ನಕ್ಕ.

"ಸುರೀಬ್ಯಾಡೋ," ಎಂದೆ. "ಬೋರಿನ ನೀರದು. ಆ ನಾಕೂ."

"ಗೊತ್ತಿಲ್ದ ತುಂಬೀಯೇನು?"

ಹೌದು ಎಂದರೆ ಮುಗಿಯುತ್ತಿತ್ತು. ಅವನೇ ದಾರಿ ತೋರಿಸಿದ್ದ.

"ಗೊತ್ತಿದ್ದೇ ತುಂಬೀನಿ. ಅವು ಸತ್ರ ನೀ ಮನಿಗೆ ಬರ್ತಿ ಅಂತ."

ಅವನು ಮುಚ್ಚಳವನ್ನು ಮತ್ತೆ ಬಿಗಿದ. ನಾಲ್ಕೂ ಕ್ಯಾನುಗಳನ್ನು ತಾನೇ ಹೊತ್ತು ಹೊರಗೆ ಗಟಾರಕ್ಕೆ ಸುರಿದು ಬಂದ. ಫಿಲ್ಟರ್ ನೀರು ತರಿಸಿ, ಉಪ್ಪಿನ ಪಾಕೀಟು ಒಡೆದು ಸಂಜೆವರೆಗೆ ಕಲಸಿದ. ನಾನು ಬಕೀಟು ಹಿಡಿಯಲು ಹೋದರೆ, "ನೀವು ಕುಂದರ್ರಿ ಅಣ್ಣಾ, ದಣದೀರಿ," ಎಂದ. ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲಿ ಕರೆದವನು, ಬೀಗರಿಗೆ ಹೇಳುವ ಹಾಗೆ ಹೇಳಿ ಕುರ್ಚಿ ಎಳೆದುಕೊಟ್ಟ. ನಾನು ಕೂತೆ.

ಒಂದು ಹವಳವೂ ಸಾಯಲಿಲ್ಲ. ಮನೆ ಭರ್ಜರಿಯಾಗಿ ಆಗಿಬಂತು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು, ನನ್ನ ಕೈಯಿಂದಲೇ ಹಂಚಿಸಿದಳು.

ಎಂಟು ದಿನ ಬಿಟ್ಟು ನಾನು ಅವರಿಗೆ ಕುಡಿಯಲಿಕ್ಕೆಂದು ನಮ್ಮೂರ ಕೆರೆಯ ಸಿಹಿನೀರನ್ನು ಒಂದು ಕ್ಯಾನು ತುಂಬಿಕೊಂಡು ಬಸ್ಸಿಗೆ ಹೋದೆ. ಪ್ರಭು ನಗುನಗುತ್ತಲೇ ಇಸಿದುಕೊಂಡು ಅಡುಗೆಮನೆಗೆ ಹೋದ. ಬಾಗಿಲು ಅರ್ಧ ತೆರೆದಿತ್ತು. ಮುಚ್ಚಳಕ್ಕೆ ತುಸು ನೀರು ಬಗ್ಗಿಸಿದ, ಜೇಬಿನಿಂದ ದುರ್ಬೀನು ತೆಗೆದ, ಒಂದು ಹನಿ ಹಾಕಿ ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದ.

ಹೊರಗೆ ಬಂದು, "ಚಲೋ ಐತ್ರಿ ನೀರು. ಚಾ ಮಾಡಸ್ತೀನಿ," ಎಂದ.

"ಕೆರೀ ನೀರು ಅದು," ಎಂದೆ, ಅವನು ಕೇಳದಿದ್ದರೂ.