ಸೋಮಾರಿಗಳ ವಂಶ

ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಉಗಿಯ ಯಂತ್ರಗಳು ಐದು. ಐದೂ ಒಟ್ಟಿಗೆ ಓಡತೊಡಗಿದರೆ ಒಳಗೆ ಕಾಲಿಟ್ಟವರ ಬೆನ್ನು ಎರಡೇ ನಿಮಿಷದಲ್ಲಿ ಒದ್ದೆಯಾಗುತ್ತಿತ್ತು. ಅಂಥ ಕೋಣೆಯಲ್ಲಿ ಪುಟ್ಟಿ ಉಣ್ಣೆಯ ಸ್ವೆಟರ್ ತೊಟ್ಟು ಕೆಲಸ ಮಾಡುತ್ತಿದ್ದಳು. ಪುಟ್ಟಿ ಎಂದರೆ ಮಗುವೇನಲ್ಲ. ವಯಸ್ಸು ನಲವತ್ತೆರಡು, ಕೋಣೆಯ ಏಳು ಜನ ಹೆಂಗಸರಿಗೆ ಮೇಲ್ವಿಚಾರಕಿ. ಮನೆಗೆ ಕಿರಿಯವಳಾಗಿ ಹುಟ್ಟಿದ ತಪ್ಪಿಗೆ ಆ ಹೆಸರು ಅಂಟಿಕೊಂಡು, ಬಿಡಿಸಿಕೊಳ್ಳಲು ಬಾರದೆ ಉಳಿದುಹೋಗಿತ್ತು.

"ಮೇಡಂ, ನಿಮ್ಮೊಬ್ರಿಗೇ ಬೇರೆ ಹವಾಮಾನ ಇದ್ಯಾ?" ಎಂದು ಹೆಂಗಸರು ನಗುತ್ತಿದ್ದರು. ಮೊದಮೊದಲು ಪುಟ್ಟಿಯೂ ನಕ್ಕಳು. ಬರಬರುತ್ತಾ ನಗುವುದಕ್ಕೂ ತ್ರಾಣ ಬೇಕೆಂದು ಗೊತ್ತಾಯಿತು.

ವರ್ಷದಿಂದೀಚೆಗೆ ಅವಳ ಮೈ ಅವಳ ಮಾತು ಕೇಳುತ್ತಿರಲಿಲ್ಲ. ಒಂಬತ್ತು ಗಂಟೆ ನಿದ್ದೆ ಮಾಡಿ ಎದ್ದರೂ ಮೂಟೆ ಹೊತ್ತು ಬಂದವಳ ಹಾಗೆ ಕೈಕಾಲು ಸೋಲುತ್ತಿದ್ದವು. ಊಟ ಇಳಿದಿತ್ತು, ತೂಕ ಏರಿತ್ತು. ಬಾಚಣಿಗೆಯ ತುಂಬ ಕೂದಲು, ಬೆಳಗಿನ ಕನ್ನಡಿಯಲ್ಲಿ ಊದಿದ ಮುಖ. ದನಿ ಎಷ್ಟು ಗೊಗ್ಗರಾಗಿತ್ತೆಂದರೆ ಫೋನಿನಲ್ಲಿ ಇಬ್ಬರು ಅವಳನ್ನು 'ಸಾರ್' ಎಂದು ಕರೆದಿದ್ದರು.

ಯಾಕೆ ಹೀಗೆ ಎಂದು ಕೇಳಿದರೆ ಉತ್ತರ ಎಲ್ಲರ ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಗಂಡ ಬಸ್ ಓಡಿಸುವವನು, ಒಳ್ಳೆಯವನು. "ನೀನು ಸುಮ್ನೆ ಯೋಚನೆ ಜಾಸ್ತಿ ಮಾಡ್ತೀಯ" ಎಂದ. ಲಾಂಡ್ರಿಯ ಮಾಲೀಕರು "ಮನಸ್ಸಿಟ್ಟು ಕೆಲಸ ಮಾಡಮ್ಮ, ಆಯಾಸ ತಾನಾಗೇ ಓಡಿಹೋಗುತ್ತೆ" ಎಂದರು. ಓಣಿಯ ಕೊನೆಯ ಕ್ಲಿನಿಕ್ಕಿನವರು ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಬರೆದು, ಮುಂದಿನ ರೋಗಿಯನ್ನು ಕೂಗಿದರು.

ಇವರೆಲ್ಲರನ್ನೂ ಸಹಿಸಬಹುದಿತ್ತು. ಸಹಿಸಲಾಗದವಳು ಅಕ್ಕ. ಪುಟ್ಟಿಗಿಂತ ಒಂಬತ್ತು ವರ್ಷ ದೊಡ್ಡವಳು, ಶಾಲೆಯಲ್ಲಿ ವ್ಯಾಯಾಮದ ಟೀಚರ್, ಎರಡು ಬೀದಿ ಆಚೆ ಮನೆ. ಮೂವತ್ತು ವರ್ಷ ಮಕ್ಕಳನ್ನು ಮೈದಾನದ ಸುತ್ತ ಓಡಿಸಿದವಳಿಗೆ ಲೋಕದ ಕಷ್ಟಗಳಿಗೆಲ್ಲ ಇನ್ನೊಂದು ಸುತ್ತು ಓಡುವುದೇ ಮದ್ದು.

"ನಡೀಬೇಕು ಕಣೇ, ನಡೀಬೇಕು! ಅಮ್ಮನ ಥರ ಕೂತಲ್ಲೇ ಕೂತ್ಕೊಂಡ್ರೆ ಇನ್ನೇನಾಗುತ್ತೆ?"

"ಬೆಳಿಗ್ಗೆಯಿಂದ ನಿಂತೇ ಇದೀನಲ್ಲೇ ಅಕ್ಕ, ಮಷೀನ್ ಮುಂದೆ."

"ನಿಲ್ಲೋದು ಬೇರೆ, ನಡಿಯೋದು ಬೇರೆ. ಸೋಮಾರಿತನ ನಿನಗೆ ಅಮ್ಮನಿಂದ ಬಂದಿರೋ ಆಸ್ತಿ."

ತಂದೆಯ ಕಾಲದಿಂದಲೂ ಆ ಮನೆಯಲ್ಲಿ ಅದು ಚರ್ಚೆಯಿಲ್ಲದೆ ಒಪ್ಪಿಕೊಂಡಿದ್ದ ಸಂಗತಿ: ಅಮ್ಮ ಸೋಮಾರಿ. ತೀರಿಕೊಂಡು ಹದಿನೈದು ವರ್ಷವಾಗಿದ್ದರೂ ಆ ಬಿರುದು ಮಾತ್ರ ಗಟ್ಟಿಯಾಗಿತ್ತು.

ಒಂದು ಸೋಮವಾರ ಪುಟ್ಟಿ ಆಸ್ಪತ್ರೆಯ ಗಂಟುಗಳಿಗೂ ಹೋಟೆಲಿನ ಗಂಟುಗಳಿಗೂ ಚೀಟಿ ಅದಲುಬದಲು ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಹೋಟೆಲಿಗೆ ರೋಗಿಗಳ ಹಸಿರು ನಿಲುವಂಗಿ ನಲವತ್ತು ಹೋಗಿದ್ದವು. ಆಸ್ಪತ್ರೆಯ ನರ್ಸು ಫೋನ್ ಮಾಡಿ, "ಕಸೂತಿ ಹಾಕಿದ ಮೇಜುಬಟ್ಟೆ ಕಳಿಸಿದೀರಲ್ಲ, ಇದನ್ನ ರೋಗಿಗೆ ಉಡಿಸ್ಲಾ, ಹೊದಿಸ್ಲಾ?" ಎಂದು ಕೇಳಿದಳು. ಹನ್ನೆರಡು ವರ್ಷದಲ್ಲಿ ಪುಟ್ಟಿಯ ಕೈಯಿಂದ ಒಂದು ಕರವಸ್ತ್ರವೂ ತಪ್ಪಿದ್ದಿಲ್ಲ. ಮಾಲೀಕರು ಬೈಯಲಿಲ್ಲ. "ಮೊದ್ಲು ಹೋಗಿ ಸರಿಯಾಗಿ ತೋರಿಸ್ಕೊಂಡು ಬಾ, ಆಮೇಲೆ ಕೆಲಸ" ಎಂದರು. ಬೈದಿದ್ದರೇ ವಾಸಿಯಿತ್ತು ಎನ್ನಿಸಿ ಅವಳು ದಾರಿಯುದ್ದಕ್ಕೂ ಅತ್ತಳು.

ಈ ಸಲ ಹೋದದ್ದು ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ. ಆಕೆ ಪುಟ್ಟಿಯ ಕೈಗೆ ನೀರಿನ ಲೋಟ ಕೊಟ್ಟು, ನುಂಗುವಾಗ ಕುತ್ತಿಗೆಯನ್ನು ಬೆರಳಿಂದ ಒತ್ತಿ ನೋಡಿದರು. ರಕ್ತಪರೀಕ್ಷೆಗೆ ಬರೆದುಕೊಟ್ಟರು. ನಾಲ್ಕು ದಿನದ ಮೇಲೆ ವರದಿಯನ್ನು ಮೇಜಿನ ಮೇಲೆ ಅವಳತ್ತ ತಿರುಗಿಸಿ, ಒಂದು ಅಂಕಿಯ ಕೆಳಗೆ ಗೆರೆ ಎಳೆದರು.

"ಇದು ಐದರ ಒಳಗಿರ್ಬೇಕು. ನಿಮ್ಮದು ಅರವತ್ತೆಂಟು."

"ಅಂದ್ರೆ ಒಳಗೆ ಏನೋ ಜಾಸ್ತಿ ಕೆಲಸ ಮಾಡ್ತಿದ್ಯಾ ಡಾಕ್ಟ್ರೇ?"

"ಉಲ್ಟಾ. ಕುತ್ತಿಗೆಯಲ್ಲಿ ಥೈರಾಯ್ಡ್ ಅಂತ ಗ್ರಂಥಿ ಇದೆ. ಮೈಯೆಲ್ಲ ಯಾವ ವೇಗದಲ್ಲಿ ಓಡ್ಬೇಕು ಅನ್ನೋದು ಅದರ ಕೈಲಿ. ಅದು ಸುಸ್ತಾಗಿದೆ. ತಲೆಯಿಂದ 'ಕೆಲಸ ಮಾಡು, ಕೆಲಸ ಮಾಡು' ಅಂತ ಕೂಗಾಟ. ಆ ಕೂಗಾಟದ ಲೆಕ್ಕ ಈ ಅರವತ್ತೆಂಟು." ಅವರು ಇನ್ನೊಂದು ಗೆರೆ ಎಳೆದರು. "ಯಾಕೆ ಸುಸ್ತಾಯ್ತು ಅನ್ನೋದು ಇಲ್ಲಿದೆ. ಸೋಂಕು ಬಂದ್ರೆ ಹೊಡೆಯೋದಕ್ಕೆ ಮೈಯಲ್ಲಿ ಕಾವಲು ಇರುತ್ತಲ್ಲ, ಅದು ನಿಮ್ಮ ಗ್ರಂಥಿಯನ್ನೇ ಶತ್ರು ಅಂದ್ಕೊಂಡು ವರ್ಷಗಟ್ಟಲೆ ಹೊಡೀತಾ ಬಂದಿದೆ."

ಪುಟ್ಟಿಗೆ ಸಿಟ್ಟು ಬಂತು. "ಮನೇಲಿ, ಕೆಲಸದಲ್ಲಿ ಬೈಯೋರು ಸಾಲ್ದು ಅಂತ ನನ್ನ ಮೈಯೂ ನನ್ನ ಮೇಲೆ ಜಗಳಕ್ಕೆ ನಿಂತಿದ್ಯಾ? ನಾನೇನು ಮಾಡಿದೆ? ಉಪ್ಪು ಜಾಸ್ತಿ ತಿಂದ್ನಾ? ನಡೀಲಿಲ್ವಾ?"

"ನೀವೇನೂ ಮಾಡಿಲ್ಲ. ರಕ್ತಸಂಬಂಧದಲ್ಲಿ ಬರುತ್ತೆ, ಹೆಂಗಸರಿಗೆ ಹೆಚ್ಚು. ಇಂಥವರಿಗೆ ಇಂಥ ಹೊತ್ತಲ್ಲೇ ಯಾಕೆ ಶುರುವಾಗುತ್ತೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಕಾವಲನ್ನ ನಿಲ್ಲಿಸೋ ಮದ್ದಿಲ್ಲ. ಆದ್ರೆ ಗ್ರಂಥಿ ಕೊಡ್ಬೇಕಾದ್ದನ್ನ ಮಾತ್ರೆಯಲ್ಲಿ ಕೊಡಬಹುದು. ಬೆಳಿಗ್ಗೆ ಎದ್ದ ಕೂಡ್ಲೇ ಖಾಲಿ ಹೊಟ್ಟೇಲಿ, ಬರೀ ನೀರಲ್ಲಿ. ಒಂದು ಗಂಟೆ ಏನೂ ಬೇಡ, ಕಾಫಿಯೂ ಬೇಡ. ಆರು ವಾರ ಬಿಟ್ಟು ಮತ್ತೆ ರಕ್ತ ನೋಡೋಣ."

"ಎಷ್ಟು ದಿನ ತಗೋಬೇಕು?"

"ಬಹುಶಃ ಯಾವಾಗ್ಲೂ."

ಸುದ್ದಿ ಮನೆ ಮುಟ್ಟುವ ಮೊದಲೇ ಅಕ್ಕ ಬಾಗಿಲಲ್ಲಿದ್ದಳು. 'ಯಾವಾಗ್ಲೂ' ಎಂಬ ಮಾತು ಕೇಳಿದ್ದೇ ತಡ, ಕೈಚೀಲದಿಂದ ಒಂದು ಡಬ್ಬಿ ತೆಗೆದಿಟ್ಟಳು. ಸಮುದ್ರದ ಪಾಚಿಯ ಪುಡಿ. ಅವಳ ಸಹೋದ್ಯೋಗಿಯ ನಾದಿನಿಗೆ ಮೂರೇ ತಿಂಗಳಲ್ಲಿ ಥೈರಾಯ್ಡ್ ಮಾಯವಾಗಿತ್ತಂತೆ. "ಥೈರಾಯ್ಡ್‌ಗೆ ಬೇಕಾಗಿರೋದು ಅಯೋಡಿನ್, ಐದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಮಾತ್ರೆ ಅಭ್ಯಾಸವಾಗ್ಬಿಟ್ರೆ ಬಿಡೋಕಾಗಲ್ಲ."

ಜಗಳವಾಡುವ ಶಕ್ತಿಯಿಲ್ಲದ್ದರಿಂದ ಪುಟ್ಟಿ ಎರಡನ್ನೂ ತೆಗೆದುಕೊಂಡಳು. ಬೆಳಿಗ್ಗೆ ಮಾತ್ರೆ, ಮರೆತುಹೋದೀತೆಂದು ಅದರ ಜೊತೆಗೇ ಕಬ್ಬಿಣದ ಮಾತ್ರೆ, ರಾತ್ರಿ ಎರಡು ಚಮಚ ಪುಡಿ. ಕಾಫಿಯನ್ನು ಮಾತ್ರ ಗಡಿಯಾರ ನೋಡಿಕೊಂಡು ಒಂದು ಗಂಟೆ ಮುಂದೂಡಿದಳು. ಅದೇ ದೊಡ್ಡ ತಪಸ್ಸೆಂದು ಭಾವಿಸಿದ್ದಳು.

ಆರು ವಾರವಾಯಿತು. ಅಂಕಿ ಅರವತ್ತೆಂಟರಿಂದ ಅರವತ್ತನಾಲ್ಕಕ್ಕೆ ಇಳಿದಿತ್ತು.

"ನಾಲ್ಕಾ?" ಪುಟ್ಟಿಯ ಗೊಗ್ಗರು ದನಿ ಡಾಕ್ಟರಮ್ಮನ ಕೋಣೆಯಾಚೆಗೂ ಕೇಳಿಸಿತು. "ನಲವತ್ತೆರಡು ದಿನ ಕಾಫಿ ಮುಂದೆ ಇಟ್ಕೊಂಡು ಗಡಿಯಾರ ನೋಡಿದೀನಿ ಡಾಕ್ಟ್ರೇ! ಅದಕ್ಕೆ ಬರೀ ನಾಲ್ಕಾ?"

ಡಾಕ್ಟರಮ್ಮ ಏನೇನು ತಗೋತೀರಿ ಎಂದು ಒಂದೊಂದಾಗಿ ಕೇಳಿದರು. ಕಬ್ಬಿಣದ ಮಾತ್ರೆಗೆ ಬಂದಾಗ ಹಣೆ ಒತ್ತಿಕೊಂಡರು. "ನನ್ನದೇ ತಪ್ಪು, ನಾನು ಕೇಳ್ಬೇಕಿತ್ತು. ಕಬ್ಬಿಣ ಈ ಮಾತ್ರೆಯನ್ನ ಹೊಟ್ಟೆಯಲ್ಲೇ ಹಿಡ್ಕೊಂಡ್ಬಿಡುತ್ತೆ. ಎರಡರ ಮಧ್ಯೆ ನಾಲ್ಕು ಗಂಟೆ ಇರ್ಬೇಕು." ಪಾಚಿಯ ಪುಡಿಯ ಮಾತು ಬಂದಾಗ ಅವರ ಮುಖ ನೋಡುವಂತಿತ್ತು. "ಅಯೋಡಿನ್ ಕೊರತೆಯಿಂದ ಬರೋ ಥೈರಾಯ್ಡ್ ಬೇರೆ ರೀ. ನಿಮ್ಮ ಥರದ್ದಕ್ಕೆ ಇಷ್ಟೊಂದು ಅಯೋಡಿನ್ ಸುರಿದ್ರೆ ಗ್ರಂಥಿ ಇನ್ನೂ ಮುದುಡಿಕೊಳ್ಳಬಹುದು. ಯಾರು ಕೊಟ್ಟಿದ್ದು?"

"ಅಕ್ಕ. ಅವಳ ಪ್ರಕಾರ ಇದೆಲ್ಲ ಸೋಮಾರಿತನ. ನಾನು ಥೇಟ್ ನಮ್ಮಮ್ಮನ ಥರ ಅಂತೆ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ನಿಮ್ಮಮ್ಮ ಹೇಗಿದ್ರು?"

"ಹೇಗಿದ್ರು ಅಂದ್ರೆ... ಯಾವಾಗ್ಲೂ ಮಲಗ್ತಿದ್ರು. ಅಪ್ಪ ಕುಂಭಕರ್ಣ ಅಂತಿದ್ರು. ನಡುಹಗಲಲ್ಲೂ ಶಾಲು ಹೊದ್ಕೋತಿದ್ರು. ಹುಬ್ಬು ಅರ್ಧ ಉದುರಿಹೋಗಿತ್ತು. ಕರೆದ್ರೆ ತಿರುಗಿ ನೋಡೋಕೇ ಅರ್ಧ ನಿಮಿಷ. ದನಿ..." ಪುಟ್ಟಿಗೆ ತನ್ನದೇ ದನಿ ಕೇಳಿಸಿತು. "ಕುತ್ತಿಗೆ ದಪ್ಪ ಇತ್ತು. ಸೆರಗಿಂದ ಮುಚ್ಕೋತಿದ್ರು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ರಕ್ತ ನೋಡದೆ ಖಚಿತವಾಗಿ ಹೇಳೋಕಾಗಲ್ಲ" ಎಂದರು ಡಾಕ್ಟರಮ್ಮ ಮೆಲ್ಲಗೆ. "ಆದ್ರೆ ಇದನ್ನ ನಾನಾದ್ರೆ ಸೋಮಾರಿತನ ಅಂತಿರ್ಲಿಲ್ಲ."

ಪುಟ್ಟಿ ಬಸ್ ಹತ್ತಲಿಲ್ಲ. ಅಷ್ಟು ದೂರವನ್ನೂ ಏದುಸಿರು ಬಿಡುತ್ತಾ ನಡೆದೇ ಅಕ್ಕನ ಮನೆಗೆ ಹೋದಳು. ಅಕ್ಕ ಅಂಗಳದಲ್ಲಿ ಹಗ್ಗಜಗ್ಗಾಟದ ಹಗ್ಗ ಸುತ್ತುತ್ತಿದ್ದವಳು, "ಅಬ್ಬಾ, ಕೊನೆಗೂ ನಡ್ಕೊಂಡು ಬಂದ್ಯಲ್ಲ!" ಎಂದಳು.

"ಬಾಯಿ ಮುಚ್ಚೇ ಅಕ್ಕ."

ನಲವತ್ತೆರಡು ವರ್ಷದಲ್ಲಿ ಆ ಮಾತು ಮೊದಲ ಬಾರಿ ಬಂದಿತ್ತು. ಡಾಕ್ಟರಮ್ಮನಿಗೆ ತೋರಿಸಲೆಂದು ಒಯ್ದಿದ್ದ ಪುಡಿಯ ಡಬ್ಬಿಯನ್ನು ಪುಟ್ಟಿ ಕಟ್ಟೆಯ ಮೇಲೆ ಕುಕ್ಕಿದಳು. ಎಲ್ಲವನ್ನೂ ಹೇಳಿದಳು: ಪುಡಿ, ಕಬ್ಬಿಣ, ಗ್ರಂಥಿ, ಶಾಲು, ಹುಬ್ಬು. "ಅಮ್ಮಂಗೆ ಕಾಯಿಲೆ ಇತ್ತು ಕಣೇ. ದಿನಕ್ಕೊಂದು ಸಣ್ಣ ಮಾತ್ರೆ ಕೊಟ್ಟಿದ್ರೆ ಎದ್ದು ಓಡಾಡ್ತಿದ್ರೇನೋ. ನಾವೆಲ್ಲ ಸೇರ್ಕೊಂಡು ನಕ್ವಿ. ನೀನು ಇವತ್ತಿಗೂ ನಗ್ತಿದೀಯ!"

"ಅದು ಹೇಗೆ ಹೇಳ್ತೀಯ? ಪರೀಕ್ಷೆ ಮಾಡಿಸಿದ್ವಾ?"

"ಅದೇ ಹೇಳ್ತಿರೋದು. ಮಾಡಿಸ್ಲಿಲ್ಲ! ಯಾರಿಗೂ ಹೊಳೀಲೇ ಇಲ್ಲ!"

ಅಕ್ಕನ ಕೈಯಿಂದ ಹಗ್ಗ ಜಾರಿತು. ಅವಳು ಕಟ್ಟೆಯ ಮೇಲೆ ಕೂತಳು.

"ನಾನು ಹತ್ತನೇ ಕ್ಲಾಸಲ್ಲಿದ್ದಾಗ..." ಎಂದಳು. "ಶಾಲೆಯ ಆಟದ ದಿನ. ಅಮ್ಮ ಬರ್ತೀನಿ ಅಂದಿದ್ರು, ಬರ್ಲಿಲ್ಲ. ಕಪ್ ಗೆದ್ಕೊಂಡು ಮನೆಗೆ ಬಂದ್ರೆ ಮಲಗಿದ್ರು. ಸೀರೆ ಉಟ್ಟು ತಯಾರಾಗಿ, ಹಾಗೇ ಮಲಗ್ಬಿಟ್ಟಿದ್ರು. ನಾನು ಒಂದು ಚೊಂಬು ನೀರು ತಂದು ಮುಖದ ಮೇಲೆ ಸುರಿದೆ ಕಣೇ. ಬೈಲಿಲ್ಲ. 'ತಪ್ಪಾಯ್ತು' ಅಂದ್ರು ನನಗೆ."

ಪುಟ್ಟಿಗೆ ಆಡಲು ಇನ್ನೂ ಬಹಳ ಮಾತುಗಳಿದ್ದವು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅವನ್ನೆಲ್ಲ ಬಿಟ್ಟು ಅಕ್ಕನ ಪಕ್ಕ ಕೂತಳು. ಅಕ್ಕ ಸೀನುವವಳ ಹಾಗೆ ದೊಡ್ಡ ಸದ್ದು ಮಾಡುತ್ತಾ ಅತ್ತಳು. ಅಳುವುದರಲ್ಲೂ ಅವಳಿಗೆ ಮೆತ್ತಗೆ ಎಂಬುದಿರಲಿಲ್ಲ.

ಆಮೇಲಿನದು ನಿಧಾನದ ಕಥೆ. ಮಾತ್ರೆ ಬೆಳಿಗ್ಗೆಗೇ ಉಳಿಯಿತು, ಕಬ್ಬಿಣ ಮಧ್ಯಾಹ್ನಕ್ಕೆ ಹೋಯಿತು, ಪುಡಿ ಕಸದ ಬುಟ್ಟಿಗೆ ಹೋಯಿತು. ಮುಂದಿನ ಸಲ ಅಂಕಿ ಹತ್ತೊಂಬತ್ತು. ಪ್ರಮಾಣ ಏರಿಸಿದ ಮೇಲೆ ನಾಲ್ಕು. ಒಂದು ದಿನ ಬೆಳಿಗ್ಗೆ ಪುಟ್ಟಿ ಅಲಾರಂ ಹೊಡೆಯುವ ಮೊದಲೇ ಎಚ್ಚರವಾಗಿ, ಯಾಕೆ ಎಚ್ಚರವಾಯಿತೆಂದು ತಿಳಿಯದೆ ಕಂಗಾಲಾದಳು. ನಿದ್ದೆ ಸಾಕಾಗಿತ್ತು, ಅಷ್ಟೇ. ಹಾಗೆಂದು ಹಳೆಯ ಮೈಯೇ ಪೂರ್ತಿ ವಾಪಸ್ಸು ಬರಲಿಲ್ಲ. ವಾರಕ್ಕೊಂದು ದಿನ ಸಂಜೆಯೊಳಗೆ ಬಟ್ಟೆಯ ಹಾಗೆ ಮುದುಡಿಹೋಗುತ್ತಿದ್ದಳು. ಆಗ ಗಂಡ ಏನೂ ಹೇಳದೆ ಪಾತ್ರೆ ತೊಳೆಯಲು ಏಳುತ್ತಿದ್ದ. ಅವನು ಕಲಿತದ್ದು ಅಷ್ಟು.

ಅಕ್ಕನನ್ನು ಪರೀಕ್ಷೆಗೆ ಒಪ್ಪಿಸಲು ಎರಡು ತಿಂಗಳು ಹಿಡಿಯಿತು. "ನನಗೇನಾಗಿದೆ? ನಾನು ದಿನಾ ಆರು ಸುತ್ತು ಓಡ್ತೀನಿ" ಎನ್ನುತ್ತಿದ್ದವಳು ಕೊನೆಗೆ ಬಂದು ರಕ್ತ ಕೊಟ್ಟಳು.

ಡಾಕ್ಟರಮ್ಮ ವರದಿ ಓದಿದರು. "ಕಾವಲು ನಿಮ್ಮಲ್ಲೂ ದಾರಿ ತಪ್ಪಿದೆ. ಆದ್ರೆ ಗ್ರಂಥಿ ಸದ್ಯಕ್ಕೆ ಚೆನ್ನಾಗೇ ಕೆಲಸ ಮಾಡ್ತಿದೆ. ಈಗ ಏನೂ ಬೇಡ. ವರ್ಷಕ್ಕೊಂದ್ಸಲ ರಕ್ತ ನೋಡ್ತಾ ಇರೋಣ."

"ಏನೂ ಬೇಡ ಅಂದ್ರೆ? ಮಾತ್ರೆ?"

"ಮಾತ್ರೆ ಬೇಡ."

"ಅವಳಿಗೆ ಕೊಟ್ಟಿದೀರಲ್ಲ!"

"ಅವರಿಗೆ ಬೇಕಿತ್ತು."

"ನಮ್ಮಮ್ಮಂಗೆ ಇದ್ದ ಕಾಯಿಲೆ ಡಾಕ್ಟ್ರೇ ಇದು!" ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. "ಸುಮ್ನೆ ಕೂತು ನೋಡ್ತಾ ಇರೋಣ ಅಂತೀರಲ್ಲ, ಇದೆಂಥಾ ಸೋಮಾರಿತನ!"

ಪುಟ್ಟಿ ಡಾಕ್ಟರಮ್ಮನ ಮುಖ ನೋಡಿದಳು, ಡಾಕ್ಟರಮ್ಮ ಪುಟ್ಟಿಯ ಮುಖ ನೋಡಿದರು. ಹೊರಗೆ ಇನ್ನೂ ಹನ್ನೊಂದು ಜನ ಕಾಯುತ್ತಿದ್ದರು. ಪುಟ್ಟಿ ಅಕ್ಕನ ಕೈಚೀಲವನ್ನು ಹೆಗಲಿಗೇರಿಸಿ, ರಟ್ಟೆ ಹಿಡಿದು, "ನಡಿಯೇ ಮಾರಾಯ್ತಿ" ಎಂದು ಹೊರಗೆ ಎಳೆದುಕೊಂಡು ಹೋದಳು. ಮೆಟ್ಟಿಲಿಳಿಯುವವರೆಗೂ ಅಕ್ಕ ವಾದಿಸುತ್ತಲೇ ಇದ್ದಳು.