ಬೀರವ್ವನ ಹೆಬ್ಬೆರಳಿನ ಉಗುರು

ಎಪ್ಪತ್ತೇಳನೆಯ ಇಸವಿಯಲ್ಲಿ ಗದಗಿನ ಗಿರಣಿಗಳಿಗೆ ಶೇಂಗಾ ಒಡೆಯುವ ಯಂತ್ರ ಬಂತು, ಹಿರೇಹಂದಿಗೋಳದ ಬೀರವ್ವನ ಕೈ ಖಾಲಿಯಾಯಿತು. ಇಪ್ಪತ್ತು ವರ್ಷ ಶೇಂಗಾ ಸುಲಿದು ಗಟ್ಟಿಯಾದ ಹೆಬ್ಬೆರಳಿನ ಉಗುರೊಂದೇ ಅವಳಿಗೆ ಉಳಿದ ಆಸ್ತಿ. ಅದನ್ನು ಯಾರು ಕೇಳುತ್ತಾರೆ?

ಕೇಳುವವರೂ ಬಂದರು. ಹೊಸ ಹೈಬ್ರಿಡ್ ಹತ್ತಿಬೀಜಕ್ಕೆ ಸರ್ಕಾರ ಉತ್ತೇಜನ ಕೊಡುತ್ತಿತ್ತು. ಊರಿನ ಸಾಹುಕಾರ ಅಂದಾನಪ್ಪ ನಾಲ್ಕು ಎಕರೆಯಲ್ಲಿ ಆ ಬೀಜ ಬೆಳೆಯಲು ಹೊರಟ, ಬೀರವ್ವನನ್ನೂ ಅವಳಂತೆ ಶೇಂಗಾ ಸುಲಿಯುತ್ತಿದ್ದ ಹೆಂಗಸರನ್ನೂ ಕೂಲಿಗೆ ಕರೆದ. ಕೆಲಸ ಕಲಿಸಲು ಕೃಷಿ ಇಲಾಖೆಯಿಂದ ಬಂದ ಸಾಹೇಬ ಹೇಳಿದ್ದನ್ನು ಕೇಳಿ ಬೀರವ್ವ ಮೂಗಿನ ಮೇಲೆ ಬೆರಳಿಟ್ಟಳು. ಸಂಜೆ ಹೊತ್ತು ಮೊಗ್ಗನ್ನು ಉಗುರಿನಿಂದ ಬಿಡಿಸಿ ಒಳಗಿನ ಗಂಡು ಕೇಸರವನ್ನೆಲ್ಲ ತೆಗೆಯಬೇಕು, ನಡುವಿನ ಹೆಣ್ಣು ಎಳೆಗೆ ಮಾತ್ರ ಗಾಯವಾಗಬಾರದು. ಮರುದಿನ ಬೆಳಗ್ಗೆ ಬೇರೆ ಸಾಲಿನಿಂದ ಗಂಡು ಹೂವು ತಂದು ಆ ಎಳೆಗೆ ಸವರಬೇಕು. ಹೂವಿಗೆ ಮದುವೆ! ಅದೂ ತನ್ನ ಕೈಯಿಂದ!

ವಾರ ಕಳೆದು, ತಾನು ಸವರಿದಲ್ಲೆಲ್ಲ ಕಾಯಿ ಕಟ್ಟಿದ್ದನ್ನು ಕಂಡಾಗ ಅವಳ ಮೈ ಜುಮ್ಮೆಂದಿತು. ಗಿಡಕ್ಕೆ ಕೈಮುಗಿದಳು. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತನ್ನ ಹೆಬ್ಬೆರಳನ್ನೂ ಕಣ್ಣಿಗೆ ಒತ್ತಿಕೊಂಡಳು.

ಸಂತೆಯ ದಿನ ಕೂಲಿ ಹಂಚುವಾಗ ಧೈರ್ಯ ಮಾಡಿ ಕೇಳಿಯೇಬಿಟ್ಟಳು. "ಸಾವ್ಕಾರ್ರ, ಗಂಡಾಳಿಗೆ ದಿನಕ್ಕ ನಾಕು ರೂಪಾಯಿ ಕೊಡ್ತೀರಿ. ನಮಗ ಎರಡ ಯಾಕ್ರಿ?"

"ಹೆಣ್ಣಾಳಿಗೆ ಅರ್ಧಾ ಕೂಲಿ ಅನ್ನೂದು ನಮ್ಮಪ್ಪನ ಕಾಲದಿಂದ ಐತಿ. ನಾಕು ಕೊಡೂದಾದ್ರ ಗಂಡಾಳನ್ನ ಕರಸ್ತೀನಿ," ಎಂದ ಅಂದಾನಪ್ಪ.

"ಕರಸ್ರಿ!"

ಹೇಳಿದವಳೇ ಸೆರಗು ಕೊಡವಿ ಹೊರಟಳು. ಉಳಿದ ಹೆಂಗಸರೂ ಅವಳ ಹಿಂದೆಯೇ ಎದ್ದು ಬಂದರು. ಅದೇ ಸಾಹುಕಾರನ ಹೊಲದಲ್ಲಿ ನೇಗಿಲು ಹೊಡೆಯುತ್ತಿದ್ದ ಗಂಡ ದ್ಯಾಮಪ್ಪ ಮನೆಯಲ್ಲಿ ಸಿಡುಕಿದ. "ಇದ್ದ ಎರಡು ರೂಪಾಯಿನೂ ಕಳಕೊಂಡ್ಯಲ್ಲ!" ಅವಳ ಮನಸ್ಸೂ ಅದನ್ನೇ ಹೇಳುತ್ತಿತ್ತು.

ಅಂದಾನಪ್ಪ ಹಟಮಾರಿ, ಮುಂಡರಗಿ ಕಡೆಯಿಂದ ಗಂಡಾಳುಗಳನ್ನು ಕರೆಸಿಯೇಬಿಟ್ಟ. ನೇಗಿಲು ಹಿಡಿದು ದಪ್ಪವಾದ ಬೆರಳುಗಳು, ಪಾಪ, ಮೊಗ್ಗು ಕಂಡೇ ಬೆವತವು. ಐದನೆಯ ದಿನಕ್ಕೆ ಗಿಡಗಳ ಕೆಳಗೆಲ್ಲ ಉದುರಿದ ಮೊಗ್ಗುಗಳೇ.

ಆರನೆಯ ದಿನ ಬೆಳಗ್ಗೆ ಅಂದಾನಪ್ಪ ಬೀರವ್ವನ ಗುಡಿಸಲಿನ ಮುಂದೆ ನಿಂತಿದ್ದ. ಆ ಓಣಿಗೆ ಅವನು ಕಾಲಿಟ್ಟದ್ದು ಅದೇ ಮೊದಲು.

"ಆತು ಬೀರವ್ವಾ, ನಾಕ ಕೊಡ್ತೀನಿ. ಎಲ್ಲಾರನ್ನೂ ಕರಕೊಂಡು ಬಾ."

ಬೀರವ್ವ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಇಷ್ಟು ಸಣ್ಣ ಉಗುರು ಅಷ್ಟು ದೊಡ್ಡ ಮನುಷ್ಯನನ್ನು ಇಲ್ಲಿಯವರೆಗೆ ನಡೆಸಿಕೊಂಡು ಬಂದಿತೇ!

ಮುಂದಿನ ಸಂತೆಯ ದಿನ ಗಂಡ ಹೆಂಡತಿ ಇಬ್ಬರಿಗೂ ಸರಿಸಮ ಕೂಲಿ ಸಿಕ್ಕಿತು. ಮನೆಗೆ ಬಂದವಳೇ ಬೀರವ್ವ ಚಟ್ನಿಗೆಂದು ಶೇಂಗಾದ ಮೊರವನ್ನು ಮುಂದಿಟ್ಟುಕೊಂಡಳು. ದ್ಯಾಮಪ್ಪ ಬಂದು ಮೊರವನ್ನು ತನ್ನ ಕಡೆ ಎಳೆದುಕೊಂಡ.

"ಬಿಡ, ನಾ ಒಡೀತೀನಿ. ನಿನ್ನ ಉಗರು ಮುರದೀತು."

ಹದಿನೆಂಟು ವರ್ಷದ ಸಂಸಾರದಲ್ಲಿ ಒಲೆಯ ಹತ್ತಿರ ಒಮ್ಮೆಯೂ ಕೂರದ ಗಂಡಸು ಒಂದೊಂದೇ ಕಾಯಿಯನ್ನು ಹಲ್ಲಿನಿಂದ ಒಡೆಯತೊಡಗಿದ. ಬೀರವ್ವ ಕೈಕಟ್ಟಿ ನೋಡುತ್ತ ಕುಳಿತಳು.